ಯಂತ್ರ ಕೈಕೊಟ್ಟ ರಾತ್ರಿಗಳು: ನೈನ್ ಇಂಚ್ ನೇಲ್ಸ್ ನೋಡಿದವರ ನೆನಪುಗಳು

(ಸಂಗೀತ ಕೇಳುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ಬ್ಯಾಂಡನ್ನು ಎದುರಿಗೆ ನಿಂತು ಕೇಳಿದವರು ಹತ್ತಾರು ವರ್ಷ ಕಳೆದ ಮೇಲೂ ಏನನ್ನು ನೆನಪಿಟ್ಟುಕೊಂಡಿರುತ್ತಾರೆ? ಇವತ್ತು ನಾನು ಮಾತಾಡುವುದು ಇದರ ಬಗ್ಗೆ. ಬ್ಯಾಂಡಿನ ಹೆಸರು ನೈನ್ ಇಂಚ್ ನೇಲ್ಸ್. 1988ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದ್ದು. ಅದರ ಜೀವಾಳ ಟ್ರೆಂಟ್ ರೆಜ್ನರ್. ಇಂಡಸ್ಟ್ರಿಯಲ್ ರಾಕ್ ಅಂದ ಕೂಡಲೇ ಹೆಚ್ಚಿನವರ ಬಾಯಿಗೆ ಮೊದಲು ಬರುವ ಹೆಸರು ಇದೇ.

ಈ ಬಗೆಯ ಸಂಗೀತ ಹೊಸದಾದವರಿಗೆ ಎರಡು ಮಾತು ಹೇಳುತ್ತೇನೆ. 1976ರಲ್ಲಿ ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ಎಂಬ ಗುಂಪು ತನ್ನದೇ ರೆಕಾರ್ಡ್ ಕಂಪನಿ ತೆರೆದು ಅದಕ್ಕೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತ ಹೆಸರಿಟ್ಟಿತು. ಹೆಸರು ಅಲ್ಲಿಂದ ಬಂತು. 1980ರಲ್ಲಿ ಬರ್ಲಿನ್‌ನಲ್ಲಿ ಐನ್‌ಶ್ಟುರ್ಟ್ಸೆಂಡೆ ನೊಯ್‌ಬೌಟೆನ್ ಶುರುವಾಯಿತು. ಅವರು ಕಬ್ಬಿಣದ ತಗಡು, ಡ್ರಿಲ್ಲಿಂಗ್ ಮಷೀನು, ಗುಜರಿ ಸಾಮಾನು ಇವನ್ನೆಲ್ಲ ವಾದ್ಯ ಮಾಡಿಕೊಂಡರು. ಆಮೇಲೆ ಶಿಕಾಗೊದ ಮಿನಿಸ್ಟ್ರಿಯಂಥ ಬ್ಯಾಂಡುಗಳು ಇದಕ್ಕೆ ಜೋರು ಗಿಟಾರ್ ಬೆರೆಸಿದವು. ಕಾರ್ಖಾನೆಯ ಸದ್ದಿನ ಹಾಗೆ ಬಡಿಯುವ ಡ್ರಮ್ ಮಷೀನು, ಕತ್ತರಿಸಿ ಜೋಡಿಸಿದ ಸ್ಯಾಂಪಲ್‌ಗಳು ಅಂದರೆ ರೆಕಾರ್ಡ್ ಮಾಡಿಟ್ಟ ಸದ್ದಿನ ತುಣುಕುಗಳು, ಬೇಕಂತಲೇ ಒಡೆಸಿದ ದನಿ. ಇಷ್ಟು ಗೊತ್ತಿದ್ದರೆ ಸಾಕು.

ರೆಜ್ನರ್ ಕ್ಲೀವ್‌ಲ್ಯಾಂಡ್‌ನ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕಸ ಗುಡಿಸುವುದರಿಂದ ಹಿಡಿದು ಎಲ್ಲ ಚಿಲ್ಲರೆ ಕೆಲಸ ಮಾಡಿಕೊಂಡಿದ್ದ. ಸ್ಟುಡಿಯೋ ಖಾಲಿ ಇದ್ದಾಗ, ರಾತ್ರಿ ಹೊತ್ತು, ತನ್ನ ಹಾಡುಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಹೆಚ್ಚುಕಡಿಮೆ ಎಲ್ಲವನ್ನೂ ತಾನೊಬ್ಬನೇ ನುಡಿಸಿದ. ಆ ಹಾಡುಗಳಿಂದ ಬೆಳೆದ ಮೊದಲ ಆಲ್ಬಮ್ 1989ರ ಅಕ್ಟೋಬರಿನಲ್ಲಿ ಬಂತು. ಅಂದರೆ ಬ್ಯಾಂಡು ಅನ್ನುವುದು ರೆಕಾರ್ಡಿನ ಮೇಲೆ ಇರಲೇ ಇಲ್ಲ. ಒಬ್ಬ ಹುಡುಗ, ಒಂದಿಷ್ಟು ಯಂತ್ರ, ಅಷ್ಟೇ. ವೇದಿಕೆ ಹತ್ತುವ ಹೊತ್ತಿಗೆ ಮಾತ್ರ ಅವನಿಗೆ ಬೇರೆಯವರು ಬೇಕಾದರು. ಆಗಲೂ ಮೊದಮೊದಲು ಸದ್ದಿನ ಒಂದು ಪಾಲು ಟೇಪಿನಿಂದಲೇ ಬರುತ್ತಿತ್ತು. ಮನುಷ್ಯರು ಅದರ ತಾಳಕ್ಕೆ ಸರಿಯಾಗಿ ನುಡಿಸಬೇಕಿತ್ತು.

ಈಗ ಯೋಚಿಸಿ. ಯಂತ್ರ ಯಾವ ಊರಲ್ಲಾದರೂ ಒಂದೇ ಥರ ಓಡುತ್ತದೆ, ಅಲ್ವಾ? ಹಾಗಿದ್ದರೆ ಈ ಬ್ಯಾಂಡಿನ ಕಾರ್ಯಕ್ರಮಗಳೂ ಒಂದರ ಹಾಗೆ ಇನ್ನೊಂದು ಇರಬೇಕಿತ್ತು. ನೋಡಿದವರು ಹೇಳುವುದು ಪೂರ್ತಿ ಬೇರೆ ಕತೆ. ಅವರ ನೆನಪಲ್ಲಿ ಗಟ್ಟಿಯಾಗಿ ಉಳಿದಿರುವುದು ಯಂತ್ರ ನಿಂತುಹೋದ ಗಳಿಗೆಗಳು. ತಾಳ ತಪ್ಪಿದ, ತಂತಿ ಹರಿದ, ಕೀಬೋರ್ಡು ಮುರಿದ ಗಳಿಗೆಗಳು. ಯಂತ್ರದ ಸಂಗೀತ ಕೇಳಲು ಹೋದವರು ಮನುಷ್ಯರನ್ನು ನೋಡಿ ಬಂದರು. ಅದನ್ನು ಮರೆಯದ ಹಾಗೆ ತಾವೇ ಕೂಡಿ ಕಾಪಾಡಿಕೊಂಡರು. ನನ್ನನ್ನು ಈ ಬ್ಯಾಂಡಿಗೆ ಅಂಟಿಸಿದ್ದು ಈ ಎರಡನೆಯ ಸಂಗತಿ. ನಾನು ಆ ಜನರ ನಡುವೆ ನಿಂತವನಲ್ಲ. ಅವರು ಉಳಿಸಿಕೊಟ್ಟ ರೆಕಾರ್ಡಿಂಗ್‌ಗಳಿಂದಲೇ ಈ ಬ್ಯಾಂಡಿನ ಜೊತೆ ಬೆಳೆದವನು. ಅವರ ಋಣ ನನ್ನ ಮೇಲಿದೆ.

ಮೊದಲ ಕತೆ ಅರಿಜೋನದ್ದು. 1991ರ ಜುಲೈ 18. ಜೇನ್ಸ್ ಅಡಿಕ್ಷನ್ ಬ್ಯಾಂಡಿನ ಪೆರ್ರಿ ಫ್ಯಾರೆಲ್ ತನ್ನ ಬ್ಯಾಂಡಿನ ವಿದಾಯಕ್ಕೆ ಅಂತ ಶುರುಮಾಡಿದ ಲೊಲ್ಲಪಲೂಜಾ ಎಂಬ ಊರೂರು ಸುತ್ತುವ ಉತ್ಸವದ ಮೊದಲ ದಿನ. ಜಾಗ ಫೀನಿಕ್ಸ್ ಹತ್ತಿರ. ಮರುಭೂಮಿಯ ಬೇಸಿಗೆ. ನೈನ್ ಇಂಚ್ ನೇಲ್ಸ್ ವೇದಿಕೆಗೆ ಬಂದಾಗ ಇನ್ನೂ ಹಗಲು. ಹೊಗೆ, ಕತ್ತಲು, ಮಿಣುಗುವ ದೀಪ ಇದ್ದರೇನೇ ಕಳೆಗಟ್ಟುವ ಬ್ಯಾಂಡಿಗೆ ಸುಡುಬಿಸಿಲು. ಸ್ವಲ್ಪ ಹೊತ್ತಿನಲ್ಲೇ ಧಗೆಗೆ ಉಪಕರಣ ಕೈಕೊಟ್ಟಿತು. ವೈರು ಕರಗಿತು ಅನ್ನುವವರಿದ್ದಾರೆ, ಕರೆಂಟೇ ಹೋಯಿತು ಅನ್ನುವವರಿದ್ದಾರೆ. ಮುಂದಿನದ್ದರ ಬಗ್ಗೆ ಮಾತ್ರ ಎಲ್ಲರದ್ದೂ ಒಂದೇ ಮಾತು. ಬ್ಯಾಂಡಿನವರು ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದು ಒಳಗೆ ನಡೆದುಬಿಟ್ಟರು. ದುಡ್ಡು ಕೊಟ್ಟು ಬಂದವರಿಗೆ ಪೂರ್ತಿ ಕಾರ್ಯಕ್ರಮ ಸಿಗಲಿಲ್ಲ. ಆದರೂ ಅವತ್ತು ಅಲ್ಲಿದ್ದೆ ಅಂತ ಹೇಳಿಕೊಳ್ಳುವುದು ಇವತ್ತಿಗೂ ಒಂದು ಹೆಮ್ಮೆ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಬ್ಯಾಂಡಿನ ಹೆಸರು ಅಮೆರಿಕದ ಉದ್ದಗಲಕ್ಕೂ ಹರಡಿತ್ತು.

ಇನ್ನು ಕೆಸರಿನ ಕತೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1994ರ ಆಗಸ್ಟ್ 13, ಶನಿವಾರ ರಾತ್ರಿ. ನ್ಯೂಯಾರ್ಕ್ ರಾಜ್ಯದ ಸಾಗರ್ಟೀಸ್ ಎಂಬಲ್ಲಿ, ಒಂದು ದೊಡ್ಡ ಹೊಲದಲ್ಲಿ, ವುಡ್‌ಸ್ಟಾಕ್ ಉತ್ಸವದ 25ನೇ ವರ್ಷದ ಸಂಭ್ರಮ. ಜನ ಅಂದಾಜು ಮೂರೂವರೆ ಲಕ್ಷ. ಮಳೆ ಸುರಿದು ನೆಲವೆಲ್ಲ ಕೊಚ್ಚೆ. ಬ್ಯಾಂಡಿನಲ್ಲಿ ರೆಜ್ನರ್ ಜೊತೆ ಗಿಟಾರಿಗೆ ರಾಬಿನ್ ಫಿಂಕ್, ಬೇಸ್‌ಗೆ ಡ್ಯಾನಿ ಲೋನರ್, ಕೀಬೋರ್ಡಿಗೆ ಜೇಮ್ಸ್ ವುಲ್ಲಿ, ಡ್ರಮ್ಸ್‌ಗೆ ಕ್ರಿಸ್ ವ್ರೆನ್ನ. ವೇದಿಕೆಗೆ ಹೋಗುವ ದಾರಿಯಲ್ಲಿ ರೆಜ್ನರ್ ಲೋನರ್‌ನನ್ನು ಕೆಸರಿಗೆ ತಳ್ಳಿದ. ಅವನು ಇವನನ್ನು ಎಳೆದ. ಹುಡುಗಾಟ ಕುಸ್ತಿಯಾಯಿತು. ದೀಪ ಹೊತ್ತಿಕೊಂಡಾಗ ಜನರೆದುರು ನಿಂತಿದ್ದವರು ತಲೆಯಿಂದ ಕಾಲಿನವರೆಗೆ ಕೆಸರು ಮೆತ್ತಿಕೊಂಡ ಐದು ಆಕೃತಿಗಳು.

ಎದುರಿಗಿದ್ದವರೂ ಅದೇ ಕೆಸರಲ್ಲಿ ನಿಂತಿದ್ದರು. ಎರಡು ದಿನದಿಂದ ಒದ್ದೆಯಾಗಿ, ನಿದ್ದೆಗೆಟ್ಟು, ಹಸಿದು ನಿಂತಿದ್ದವರಿಗೆ ವೇದಿಕೆಯ ಮೇಲೆ ತಮ್ಮ ಹಾಗೇ ಇರುವ ಮನುಷ್ಯರು ಕಾಣಿಸಿದರು. ಆ ರಾತ್ರಿಯ ನೆನಪುಗಳಲ್ಲಿ ಹಾಡುಗಳ ಪಟ್ಟಿಗಿಂತ ಮೊದಲು ಬರುವುದು ಈ ಕೆಸರೇ. ಸಂಗೀತವಾಗಿ ನೋಡಿದರೆ ಅದು ಅವರ ಅತ್ಯುತ್ತಮ ಕಾರ್ಯಕ್ರಮ ಅಂತ ನನಗೆ ಅನಿಸಿಲ್ಲ. ಕಣ್ಣಿಗೆ ಕೆಸರು, ತಂತಿಯ ಮೇಲೆ ಕೆಸರು, ಜಾರುವ ಬೆರಳು. ಗಿಟಾರು ಅಲ್ಲಲ್ಲಿ ಒರಟಾಗಿ ತಪ್ಪುತ್ತದೆ. ಆದರೆ ಅದೇ ರಾತ್ರಿಯ ಒಂದು ಹಾಡಿನ ರೆಕಾರ್ಡಿಂಗ್‌ಗೆ 1996ರಲ್ಲಿ ಮೆಟಲ್ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಬಂತು. ಸ್ಟುಡಿಯೋದಲ್ಲಿ ಒಂದೊಂದು ಸದ್ದನ್ನೂ ದಿನಗಟ್ಟಲೆ ತಿದ್ದುವ ಮನುಷ್ಯನಿಗೆ ಕೆಸರು ಮೆತ್ತಿದ ಕೈಯಿಂದ ನುಡಿಸಿದ್ದಕ್ಕೆ ಬಹುಮಾನ! ನನಗೆ ಇದು ತುಂಬ ಇಷ್ಟವಾದ ಸಂಗತಿ.

ಆ ವರ್ಷಗಳ ಪ್ರವಾಸದಲ್ಲಿ ಕೀಬೋರ್ಡು ಒಡೆಯುವುದು ಹೆಚ್ಚುಕಡಿಮೆ ಕಾರ್ಯಕ್ರಮದ ಭಾಗವೇ ಆಗಿಹೋಗಿತ್ತು. ಮೈಕ್ ಸ್ಟ್ಯಾಂಡು ಹಾರುತ್ತಿತ್ತು, ಬಾಟಲಿ ಹಾರುತ್ತಿತ್ತು, ಕೀಬೋರ್ಡಿನ ಕೀಲಿಗಳು ಉದುರಿ ಮುಂದಿನ ಸಾಲಿಗೆ ಬೀಳುತ್ತಿದ್ದವು. 1997ರಲ್ಲಿ ಬ್ಯಾಂಡಿನವರೇ ಆ ಪ್ರವಾಸದ ದೃಶ್ಯಗಳನ್ನು ಎರಡು ವಿಡಿಯೊ ಕ್ಯಾಸೆಟ್ಟುಗಳಲ್ಲಿ ಹೊರತಂದರು. ನೋಡಿದರೆ ಸುಮ್ನೆ ಸಿಟ್ಟಿಗೆ ಒಡೆದ ಹಾಗೆ ಕಾಣುವುದಿಲ್ಲ. ಯಂತ್ರದ ತಾಳಕ್ಕೆ ಕಟ್ಟಿಹಾಕಿಕೊಂಡ ಮನುಷ್ಯರು ಅದನ್ನು ಬಿಡಿಸಿಕೊಳ್ಳಲು ಒದ್ದಾಡುವ ಹಾಗೆ ನನಗೆ ಕಾಣುತ್ತದೆ.

1995ರ ಸೆಪ್ಟೆಂಬರಿನಿಂದ ಅಕ್ಟೋಬರ್ ಕೊನೆಯವರೆಗೆ ಬ್ರಿಟನ್ನಿನ ಹೆಸರಾಂತ ರಾಕ್ ಗಾಯಕ ಡೇವಿಡ್ ಬೋವಿ ಜೊತೆ ಅಮೆರಿಕದ ಪ್ರವಾಸ. ಮೊದಲ ಕಾರ್ಯಕ್ರಮ ಹಾರ್ಟ್‌ಫರ್ಡ್‌ನಲ್ಲಿ. ಇದರ ಏರ್ಪಾಟು ವಿಚಿತ್ರವಾಗಿತ್ತು. ಮೊದಲು ನೈನ್ ಇಂಚ್ ನೇಲ್ಸ್ ನುಡಿಸುತ್ತದೆ. ಅವರು ಮುಗಿಸುವ ಮೊದಲೇ ಬೋವಿ ಬಂದು ಸೇರಿಕೊಳ್ಳುತ್ತಾನೆ. ಇಬ್ಬರೂ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುತ್ತಾರೆ. ರೆಜ್ನರ್‌ನ ‘ಹರ್ಟ್’ ಹಾಡನ್ನು ಇಬ್ಬರೂ ಸೇರಿ ಹಾಡುತ್ತಾರೆ. ಆಮೇಲೆ ರೆಜ್ನರ್‌ನ ಬಳಗ ಹಿಂದೆ ಸರಿದು ಬೋವಿಯ ಬಳಗ ಮುಂದುವರಿಸುತ್ತದೆ. ನಡುವೆ ಪರದೆ ಬೀಳುವುದಿಲ್ಲ.

ಆಗ ಬಂದಿದ್ದ ಹುಡುಗರಲ್ಲಿ ಎಷ್ಟೋ ಜನ ರೆಜ್ನರ್‌ನ ಭಾಗ ಮುಗಿದ ಕೂಡಲೇ ಎದ್ದು ಹೋದರು. ಬೋವಿಯೂ ಹಳೆಯ ಜನಪ್ರಿಯ ಹಾಡುಗಳನ್ನು ಬದಿಗಿಟ್ಟು ಹೊಸ ಆಲ್ಬಮ್ಮಿನ ಹಾಡುಗಳನ್ನೇ ಹೆಚ್ಚಾಗಿ ಹಾಡುತ್ತಿದ್ದ. 2016ರ ಜನವರಿಯಲ್ಲಿ ಬೋವಿ ತೀರಿಕೊಂಡಾಗ ಆ ಹುಡುಗರೆಲ್ಲ ನಡುವಯಸ್ಸಿನವರು. ಎದ್ದು ಹೋದೆ ಅನ್ನುವ ಕೊರಗೂ ಅಭಿಮಾನಿಯ ನೆನಪುಗಳಲ್ಲೊಂದು. ಅದನ್ನು ಬಾಯಿಬಿಟ್ಟು ಹೇಳಿಕೊಂಡವರ ಬಗ್ಗೆ ನನಗೆ ಗೌರವ ಇದೆ. ಕೊನೆಯವರೆಗೆ ಕೂತವರು ಅವರಿಗೆ ತಮ್ಮ ನೆನಪು ಹಂಚಿದರು, ರೆಕಾರ್ಡಿಂಗ್ ಕೊಟ್ಟರು. ಬೋವಿ, ರೆಜ್ನರ್ ಇಬ್ಬರೂ ಸೇರಿ ಹಾಡಿದ ಆ ಭಾಗ ಇವತ್ತು ನಮಗೆ ಕೇಳಲು ಸಿಗುವುದು ಹೆಚ್ಚಾಗಿ ಅಂಥವರ ದಯೆಯಿಂದ.

ಈ ರೆಕಾರ್ಡ್ ಮಾಡುವವರ ಬಗ್ಗೆ ಹೇಳಲೇಬೇಕು. ಅಭಿಮಾನಿಗಳ ಭಾಷೆಯಲ್ಲಿ ಇವರು ಟೇಪರ್‌ಗಳು. ತೊಂಬತ್ತರ ದಶಕದಲ್ಲಿ ಅಂಗೈಯಗಲದ ಡ್ಯಾಟ್ ಅಂದರೆ ಡಿಜಿಟಲ್ ಟೇಪ್ ರೆಕಾರ್ಡರು ಬಂದಿತ್ತು. ಅದನ್ನು ಬಟ್ಟೆಯೊಳಗೆ ಇಟ್ಟುಕೊಂಡು, ಟೋಪಿಗೋ ಕಾಲರ್‌ಗೋ ಚಿಕ್ಕ ಮೈಕು ಸಿಕ್ಕಿಸಿಕೊಂಡು ಒಳಗೆ ಹೋಗಬೇಕು. ಗೇಟಿನಲ್ಲಿ ಸಿಕ್ಕಿಬಿದ್ದರೆ ಎಲ್ಲ ಹೋಯಿತು. ಒಳಗೆ ಹೋದ ಮೇಲೂ ಸುಖ ಇಲ್ಲ. ವೇದಿಕೆಗೆ ತೀರಾ ಹತ್ತಿರ ನಿಂತರೆ ಸ್ಪೀಕರಿನ ಬೇಸ್ ಮೈಕನ್ನು ಉಸಿರು ಕಟ್ಟಿಸುತ್ತದೆ. ತೀರಾ ಹಿಂದೆ ನಿಂತರೆ ಬರೀ ಪ್ರತಿಧ್ವನಿ. ಸೌಂಡ್ ಮಿಕ್ಸರ್ ಹತ್ತಿರದ ಜಾಗ ಒಳ್ಳೆಯದು, ಯಾಕೆಂದರೆ ಸೌಂಡ್ ಎಂಜಿನಿಯರ್ ಸದ್ದನ್ನು ಹದಗೊಳಿಸುವುದು ಅಲ್ಲಿ ನಿಂತೇ. ಎಲ್ಲಕ್ಕಿಂತ ಕಷ್ಟ ಅಂದರೆ ಪೂರ್ತಿ ಹೊತ್ತು ಅಲ್ಲಾಡಬಾರದು. ಕುಣಿಯಬಾರದು. ಜೊತೆಗೆ ಹಾಡಬಾರದು. ತನಗೆ ಪ್ರಾಣವಾದ ಬ್ಯಾಂಡು ಎದುರಿಗೆ ನುಡಿಸುತ್ತಿದೆ, ಸುತ್ತ ಸಾವಿರಾರು ಜನ ಹಾರಾಡುತ್ತಿದ್ದಾರೆ, ಇವನೊಬ್ಬ ಕಂಬದ ಹಾಗೆ ನಿಂತಿದ್ದಾನೆ. ಅವತ್ತಿನ ತನ್ನ ಸಂತೋಷವನ್ನು ಯಾರೋ ಗೊತ್ತಿಲ್ಲದವರಿಗೆ ಬಿಟ್ಟುಕೊಟ್ಟು ನಿಂತಿದ್ದಾನೆ.

ಆಮೇಲೆ ಹಂಚಿಕೆ. ನೀವು ಖಾಲಿ ಕ್ಯಾಸೆಟ್ಟು, ವಾಪಸು ಕಳಿಸುವ ಅಂಚೆ ಖರ್ಚು ಕಳಿಸಿದರೆ ಅವರು ಕಾಪಿ ಮಾಡಿ ಕಳಿಸುತ್ತಿದ್ದರು. ಲಾಭಕ್ಕೆ ಮಾರುವವರನ್ನು ಕಂಡರೆ ಈ ಬಳಗಕ್ಕೆ ಆಗುತ್ತಿರಲಿಲ್ಲ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿದಂತೆ ಗುಸುಗುಡುವ ಸದ್ದು ಜಾಸ್ತಿಯಾಗುತ್ತದೆ, ಹಾಡು ಮಸುಕಾಗುತ್ತದೆ. ಹಾಗಾಗಿ ಇದು ಎಷ್ಟನೇ ಕಾಪಿ ಅಂತ ಮೇಲೆ ಬರೆದಿರುತ್ತಿದ್ದರು. ನಮ್ಮ ಕರಾವಳಿಯಲ್ಲಿ ಯಕ್ಷಗಾನದ ಆಟಕ್ಕೆ ಟೇಪ್ ರೆಕಾರ್ಡರು ಹೊತ್ತುಕೊಂಡು ಹೋಗಿ, ರಾತ್ರಿಯಿಡೀ ಕೂತು ಭಾಗವತರ ಪದಗಳನ್ನು ತುಂಬಿಸಿಕೊಂಡು ಬರುತ್ತಿದ್ದ ಹಿರಿಯರನ್ನು ನೀವು ನೋಡಿರಬಹುದು. ಅದೇ ಹಟ, ಅದೇ ಪ್ರೀತಿ.

ಅಧಿಕೃತ ಲೈವ್ ಆಲ್ಬಮ್ಮಿಗಿಂತ ನನಗೆ ಈ ಟೇಪುಗಳೇ ಹೆಚ್ಚು. ಅಧಿಕೃತದಲ್ಲಿ ಜನರ ಸದ್ದು ದೂರದ ಮಳೆಯಂತೆ ಒಂದೇ ಸಮ ಇರುತ್ತದೆ. ಟೇಪರ್‌ನ ರೆಕಾರ್ಡಿಂಗಿನಲ್ಲಿ ಪಕ್ಕದಲ್ಲಿ ನಿಂತವನ ಗಂಟಲೂ ಕೇಳುತ್ತದೆ. ಮುಂದಿನ ಹಾಡು ಯಾವುದು ಅಂತ ಮೊದಲ ಸದ್ದಿಗೇ ಗುರುತು ಹಿಡಿದು ಒಬ್ಬಳು ಕಿರುಚುತ್ತಾಳೆ. ಒಬ್ಬ ಶ್ರುತಿ ಬಿಟ್ಟು ಹಾಡುತ್ತಾನೆ. ‘ಹರ್ಟ್’ ಶುರುವಾದಾಗ ಹರಟುತ್ತಿದ್ದವರು ತಾವಾಗೇ ಸುಮ್ಮನಾಗುತ್ತಾರೆ. ಎಷ್ಟೋ ಕಾರ್ಯಕ್ರಮಗಳ ಕೊನೆಯ ಹಾಡು ಇದೇ. 2002ರಲ್ಲಿ ಅಮೆರಿಕದ ಹಿರಿಯ ಕಂಟ್ರಿ ಗಾಯಕ ಜಾನಿ ಕ್ಯಾಶ್ ಇದನ್ನು ಹಾಡಿದ ಮೇಲೆ ಲೋಕವೆಲ್ಲ ಇದನ್ನು ಅವನ ಹಾಡು ಅಂದುಕೊಂಡಿತು. ಈ ಬ್ಯಾಂಡನ್ನು ಎದುರಿಗೆ ನೋಡಿದವರಿಗೆ ಮಾತ್ರ ಅದು ಮನೆಗೆ ಹೊರಡುವ ಮೊದಲಿನ ಹಾಡು.

2007ರ ಯುರೋಪ್ ಪ್ರವಾಸದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಲಿಸ್ಬನ್‌ನ ಕಾರ್ಯಕ್ರಮಕ್ಕೆ ಬಂದವರೊಬ್ಬರಿಗೆ ಶೌಚಾಲಯದಲ್ಲಿ ಒಂದು ಯುಎಸ್‌ಬಿ ಡ್ರೈವ್ ಸಿಕ್ಕಿತು. ಅದರೊಳಗೆ ಇನ್ನೂ ಹೊರಬರದ ಹಾಡು. ಪ್ರವಾಸದ ಟೀ ಶರ್ಟಿನ ಮೇಲೆ ಕೆಲವು ಅಕ್ಷರಗಳು ಎದ್ದು ಕಾಣುತ್ತಿದ್ದವು, ಕೂಡಿಸಿ ಓದಿದರೆ ಒಂದು ಸಂದೇಶ. ಇದೆಲ್ಲ ಬರಲಿದ್ದ ಆಲ್ಬಮ್ಮಿನ ಕತೆಯನ್ನು ಅಭಿಮಾನಿಗಳೇ ಬಿಡಿಸುವ ಆಟ. ಆ ಏಪ್ರಿಲಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆಯ್ದ ಕೆಲವರಿಗೆ ಗುಟ್ಟಾಗಿ ಒಂದು ಕಾರ್ಯಕ್ರಮ ನಡೆಯಿತು. ಕೆಲವೇ ಹಾಡಿನ ನಂತರ ಪೊಲೀಸ್ ದಾಳಿಯ ವೇಷದವರು ನುಗ್ಗಿ ಎಲ್ಲರನ್ನೂ ಹೊರಗಟ್ಟಿದರು. ಅದೂ ಆಟದ ಭಾಗ. ಚೆಂದದ ಸಾಹಸ, ಒಪ್ಪುತ್ತೇನೆ. ಆದರೂ ಬ್ಯಾಂಡು ಹೂಡಿದ ಅಚ್ಚರಿಗಿಂತ ಅಭಿಮಾನಿಗಳು ತಾವಾಗಿ ಮಾಡಿದ್ದು ದೊಡ್ಡದು ಅಂತ ನನ್ನ ಅಭಿಪ್ರಾಯ. ಮುಂದಿನದು ಅದೇ.

2008ರ ಪ್ರವಾಸದ ವೇದಿಕೆ ಈ ಬ್ಯಾಂಡು ಕಟ್ಟಿದ್ದರಲ್ಲೇ ಅತಿ ಸುಂದರವಾದದ್ದು. ಹಿಂದೆ ಒಂದು ಪರದೆ, ಮುಂದೆ ಆಚೆಯದು ಕಾಣುವ ಪಾರದರ್ಶಕ ಎಲ್‌ಇಡಿ ಪರದೆಗಳು. ಬ್ಯಾಂಡು ನಡುವೆ. ಒಂದು ಹಾಡಿನಲ್ಲಿ ಪರದೆಯ ತುಂಬ ಟೀವಿಯ ಚುಕ್ಕಿ ಮಳೆ. ರೆಜ್ನರ್ ಎಲ್ಲಿ ಓಡಾಡುತ್ತಾನೋ ಅಲ್ಲಿ ಚುಕ್ಕಿಗಳು ಸರಿದು ಅವನು ಕಾಣುತ್ತಾನೆ. ಇನ್ನೊಂದರಲ್ಲಿ ಪರದೆಯ ಮೇಲೆ ಚೌಕಗಳ ಸಾಲು ಮೂಡುತ್ತದೆ, ಅದನ್ನು ಕೈಯಿಂದ ಮುಟ್ಟಿ ಜನರೆದುರೇ ಡ್ರಮ್ಮಿನ ತಾಳ ಕಟ್ಟುತ್ತಾರೆ. ರೆಕಾರ್ಡಿನಲ್ಲಿ ಅಡಗಿ ಕೂತಿದ್ದ ಯಂತ್ರವನ್ನು ಹೊರಗೆಳೆದು, ನೋಡಿ, ಹೀಗೆ ಓಡುತ್ತೆ ಅಂತ ತೋರಿಸಿದ ಹಾಗೆ. ಆ ದಿನಗಳಲ್ಲಿ ಬ್ಯಾಂಡಿನವರು ಅಭಿಮಾನಿಗಳ ಕ್ಯಾಮೆರಾಗಳಿಗೂ ಬಾಗಿಲು ತೆರೆದಿದ್ದರು. ಟೋಪಿಯಲ್ಲಿ ಮೈಕು ಬಚ್ಚಿಟ್ಟು ಒಳಗೆ ಹೋಗುತ್ತಿದ್ದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಊಹಿಸಿ.

ಈ ಪ್ರವಾಸದ ಅಧಿಕೃತ ಸಿನಿಮಾ ಬರಬೇಕಿತ್ತು, ಬರಲಿಲ್ಲ. ಆದರೆ 2009ರ ಜನವರಿಯಲ್ಲಿ ವಿಕ್ಟೋರಿಯ, ಪೋರ್ಟ್‌ಲ್ಯಾಂಡ್, ಸ್ಯಾಕ್ರಮೆಂಟೊ ಈ ಮೂರು ಊರುಗಳ ಕಾರ್ಯಕ್ರಮಗಳ ಎಡಿಟ್ ಆಗದ ಎಚ್‌ಡಿ ದೃಶ್ಯಗಳು ಅಭಿಮಾನಿಗಳ ಕೈಗೆ ಬಂದವು. 400 ಜಿಬಿಗೂ ಜಾಸ್ತಿ. ಅವತ್ತಿನ ಇಂಟರ್‌ನೆಟ್ ವೇಗದಲ್ಲಿ ಇಳಿಸಿಕೊಳ್ಳುವುದೇ ತಪಸ್ಸು. ಬೇರೆ ಬೇರೆ ದೇಶದ ಅಭಿಮಾನಿಗಳು ಕೂಡಿ ಕೆಲಸ ಹಂಚಿಕೊಂಡರು. ಹಲವು ಕ್ಯಾಮೆರಾಗಳ ದೃಶ್ಯವನ್ನು ಒಂದೇ ತಾಳಕ್ಕೆ ಹೊಂದಿಸುವುದು, ಬಣ್ಣ ಸರಿಪಡಿಸುವುದು, ಸದ್ದು ತಿದ್ದುವುದು, ಮುಖಪುಟ ಬಿಡಿಸುವುದು. ಯಾರಿಗೂ ಸಂಬಳ ಇಲ್ಲ. ತಮ್ಮ ಗುಂಪಿಗೆ ಅವರು ಇಟ್ಟುಕೊಂಡ ಹೆಸರು ‘ದಿಸ್ ಒನ್ ಈಸ್ ಆನ್ ಅಸ್’. ಇದರ ಖರ್ಚು ನಮ್ಮದು ಅಂತ. ವರ್ಷದ ಕೊನೆಗೆ ಪೂರ್ತಿ ಸಿನಿಮಾ ಸಿದ್ಧವಾಗಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ನಾನು ಇವತ್ತು ನಿಮ್ಮೆದುರು ಚೌಕಗಳ ಸಾಲು, ಚುಕ್ಕಿ ಮಳೆ ಅಂತ ವಿವರಿಸಿದೆನಲ್ಲ, ಅದನ್ನು ನಾನು ನೋಡಿದ್ದು ಆ ಕೈಗಳು ಜೋಡಿಸಿದ ಸಿನಿಮಾದಲ್ಲಿ.

ಅದೇ ವರ್ಷ ಸೆಪ್ಟೆಂಬರ್ 10ರಂದು ಲಾಸ್ ಏಂಜಲೀಸ್‌ನ ವಿಲ್ಟರ್ನ್ ಥಿಯೇಟರಿನಲ್ಲಿ ವಿದಾಯದ ಕಾರ್ಯಕ್ರಮ ಆಯಿತು. ಅತ್ತವರು ಅತ್ತರು. ನಾಲ್ಕು ವರ್ಷಕ್ಕೆ, 2013ರ ಜುಲೈನಲ್ಲಿ, ಜಪಾನಿನ ಫ್ಯೂಜಿ ರಾಕ್ ಉತ್ಸವದಲ್ಲಿ ಬ್ಯಾಂಡು ಮತ್ತೆ ವೇದಿಕೆ ಹತ್ತಿತು.

2018ರಲ್ಲಿ ಇನ್ನೊಂದು ಒಳ್ಳೆಯ ಕೆಲಸವಾಯಿತು. ಅಮೆರಿಕದ ಪ್ರವಾಸದ ಟಿಕೆಟ್ಟುಗಳನ್ನು ಮೇ 19ರಂದು ಮೊದಲು ಕೌಂಟರಿನಲ್ಲೇ ಮಾರಿದರು. ಕಂಪ್ಯೂಟರಿನಲ್ಲಿ ಕ್ಷಣಾರ್ಧದಲ್ಲಿ ಎಲ್ಲ ಬಾಚಿಕೊಂಡು ನಾಲ್ಕು ಪಟ್ಟು ಬೆಲೆಗೆ ಮಾರುವವರ ಕಾಟ ತಪ್ಪಿಸಲು ಇದು ದಾರಿ. ಜನ ಬೆಳಗಾಗುವ ಮೊದಲೇ ಬಂದು ಸಾಲು ನಿಂತರು. ಬಿಸಿಲಿಗೆ ನಿಂತು ಕಷ್ಟಪಟ್ಟವರೂ ಇದ್ದಾರೆ, ಬೈದುಕೊಂಡವರೂ ಇದ್ದಾರೆ. ಆದರೆ ಮುಂದೆ ಹಿಂದೆ ನಿಂತವರ ಜೊತೆ ಮಾತಾಡಿದ್ದು, ಯಾವ ವರ್ಷ ಎಲ್ಲಿ ನೋಡಿದಿರಿ ಅಂತ ಕೇಳಿಕೊಂಡದ್ದು ಅವರ ನೆನಪಿನಲ್ಲಿ ಕಾರ್ಯಕ್ರಮದಷ್ಟೇ ಜಾಗ ಹಿಡಿದಿದೆ.

ಆ ಸೆಪ್ಟೆಂಬರ್ 18ರಂದು ಕೊಲರಾಡೊದ ರೆಡ್ ರಾಕ್ಸ್‌ನಲ್ಲಿ, ಎರಡು ಕಡೆ ಕೆಂಪು ಬಂಡೆಗಳೆದ್ದ ಬಯಲು ರಂಗಮಂದಿರದಲ್ಲಿ, ‘ದಿ ಪರ್ಫೆಕ್ಟ್ ಡ್ರಗ್’ ಎಂಬ ಹಾಡನ್ನು ಮೊದಲ ಬಾರಿ ಜನರೆದುರು ನುಡಿಸಿದರು. ಹಾಡು ಬಂದದ್ದು 1997ರಲ್ಲಿ. 21 ವರ್ಷ ಅಭಿಮಾನಿಗಳು ಕೇಳುತ್ತಲೇ ಇದ್ದರು, ಬ್ಯಾಂಡು ನುಡಿಸಿರಲಿಲ್ಲ. ಅದರ ನಡುವಿನ ಡ್ರಮ್ ಭಾಗ ಅಷ್ಟು ಕಗ್ಗಂಟಿನದು, ಯಂತ್ರ ಬಾರಿಸಿದ ಹಾಗಿದೆ. ಅವತ್ತು ಇಲಾನ್ ರೂಬಿನ್ ಅದನ್ನು ಕೈಯಿಂದ ಬಾರಿಸಿದ. ಅಭಿಮಾನಿಗಳ ರೆಕಾರ್ಡಿಂಗಿನಲ್ಲಿ ಕೇಳಿ. ಹಾಡು ಗುರುತು ಸಿಕ್ಕಾಗ ಜನರಿಂದ ಬರುವ ಸದ್ದಿಗೆ ಇನ್ನೂ ನನ್ನ ಮೈ ಜುಮ್ಮೆನ್ನುತ್ತದೆ.

ಕೊನೆಯದಾಗಿ 2022ರ ಸೆಪ್ಟೆಂಬರ್ 24. ಕ್ಲೀವ್‌ಲ್ಯಾಂಡ್ ಹತ್ತಿರದ ಬ್ಲಾಸಮ್ ಮ್ಯೂಸಿಕ್ ಸೆಂಟರ್. 2020ರಲ್ಲಿ ಬ್ಯಾಂಡಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂದಾಗ ಕೋವಿಡ್ ಕಾರಣದಿಂದ ಯಾರೂ ಒಟ್ಟಿಗೆ ಸೇರಲು ಆಗಿರಲಿಲ್ಲ. ಎರಡು ವರ್ಷದ ಮೇಲೆ ಹುಟ್ಟಿದೂರಿನಲ್ಲಿ ಹಳಬರು ವೇದಿಕೆಗೆ ಬಂದರು: ರಿಚರ್ಡ್ ಪ್ಯಾಟ್ರಿಕ್, ಕ್ರಿಸ್ ವ್ರೆನ್ನ, ಡ್ಯಾನಿ ಲೋನರ್, ಚಾರ್ಲಿ ಕ್ಲೌಸರ್. ಕೆಸರಿನಲ್ಲಿ ಕುಸ್ತಿಯಾಡಿದವರಿಗೆ ತಲೆ ನರೆತಿತ್ತು. ಪ್ಯಾಟ್ರಿಕ್ ಈ ಬ್ಯಾಂಡು ಬಿಟ್ಟು ಫಿಲ್ಟರ್ ಎಂಬ ತನ್ನದೇ ಬ್ಯಾಂಡು ಕಟ್ಟಿದವನು. ಅವತ್ತು ಎಲ್ಲರೂ ಸೇರಿ ಅವನ ಆ ಬ್ಯಾಂಡಿನ ಹಾಡನ್ನೂ ನುಡಿಸಿದರು. ಎದುರಿನ ಜನರಲ್ಲಿ ಮೂವತ್ತು ವರ್ಷದಿಂದ ನೋಡುತ್ತಾ ಬಂದವರಿದ್ದರು, ಮಕ್ಕಳನ್ನು ಕರೆತಂದವರಿದ್ದರು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ‘ಸರ್, ನಮಗೆ ಈ ಗದ್ದಲ ಹೊಸದು. ಎಲ್ಲಿಂದ ಶುರು ಮಾಡೋಣ?’ ನಾನು ಹೇಳಿದ್ದು ಇಷ್ಟು. ಮೊದಲು 1994ರ ಕೆಸರಿನ ಕಾರ್ಯಕ್ರಮದ ವಿಡಿಯೊ ನೋಡಿ. ಆಮೇಲೆ ಅಭಿಮಾನಿಗಳು ಮಾಡಿದ 2008ರ ಪ್ರವಾಸದ ಸಿನಿಮಾ, ದೊಡ್ಡ ಪರದೆಯಲ್ಲಿ, ಕೋಣೆ ಕತ್ತಲು ಮಾಡಿಕೊಂಡು. ನಂತರ ಹಾರ್ಟ್‌ಫರ್ಡ್ ಆಗಲಿ ಬೇರೆ ಊರಾಗಲಿ, ಬೋವಿ ಜೊತೆಗಿನ ಯಾವುದಾದರೂ ಒಂದು ಟೇಪು, ಹೆಡ್‌ಫೋನಿನಲ್ಲಿ. ಸದ್ದು ಒರಟಾಗಿದೆ ಅಂತ ಮೊದಲ ಹಾಡಿಗೇ ನಿಲ್ಲಿಸಬೇಡಿ, ಕಿವಿ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಇಂಥ ಕಾರ್ಯಕ್ರಮಕ್ಕೆ ಎದುರಿಗೆ ಹೋಗುವ ಯೋಗ ಬಂದರೆ ಕಿವಿಗೆ ಇಯರ್‌ಪ್ಲಗ್ ಹಾಕಿಕೊಂಡೇ ಹೋಗಿ, ಹಳೆಯ ಅಭಿಮಾನಿಗಳು ಹೊಸಬರಿಗೆ ಮೊದಲು ಹೇಳುವ ಬುದ್ಧಿಮಾತೂ ಅದೇ.